ಅಡುಗೆಮನೆಯ ಗಾಳಿಕಿಂಡಿ

ಹಜಾರ ಬೆಚ್ಚಗಿಡುವ ರೇಡಿಯೇಟರಿನ ಮೂತಿಗೆ ಕೀಲಿ ಹಾಕಿ ತಿರುಗಿಸಿದ್ದೇ ತಡ, ಕಪ್ಪು ನೀರು ಚಿಮ್ಮಿ ಜೆವ್ದೆತನ ಬಿಳಿ ಅಂಗಿಯ ಮೇಲೆ ಬಿತ್ತು. ಅಕ್ಕನ ಗಂಡ ರುಸ್ತೆಮನನ್ನು ಮಣ್ಣು ಮಾಡಿ ಬಂದು ಇನ್ನೂ ಗಂಟೆಯಾಗಿರಲಿಲ್ಲ.

"ಗಾಳಿ ಸೇರ್ಕೊಂಡಿದೆ, ಗಾಳಿ! ನಾನು ಆಗ್ಲೇ ಹೇಳ್ಲಿಲ್ವಾ?" ಎಂದ.

"ಅದನ್ನ ಪಕ್ಕದ್ಮನೆ ಹಿಕ್ಮೆತ್ ಬಿಚ್ಚಿ ಆಯ್ತು ಮಾವ. ಅದಕ್ಕೂ ಮುಂಚೆ ಅವರ ತಮ್ಮ ಬಿಚ್ಚಿದ್ರು" ಎಂದಳು ರುಸ್ತೆಮನ ಮಗಳು ಸೆವಿಲ್. "ಬಂದೋರೆಲ್ಲ ಒಂದೊಂದು ಬಿಚ್ಚಿದ್ರಿ. ಬಿಸಿ ಮಾತ್ರ ಬರ್ಲಿಲ್ಲ."

ಸಿವಾಸ್ ಊರಿನ ಗಂಡಸರಿಗೆ ಬಾಯ್ಲರ್ ರಿಪೇರಿ ಹುಟ್ಟಿನಿಂದಲೇ ಬಂದ ವಿದ್ಯೆ. ಬಾಯ್ಲರಿಗೆ ಮಾತ್ರ ಅದು ಗೊತ್ತಿಲ್ಲ, ಅಷ್ಟೆ. ಜನವರಿಯ ಹಿಮ ತುಳಿದು ಸ್ಮಶಾನದಿಂದ ಬಂದವರು ಕೋಟು ಬಿಚ್ಚದೆ ಕೂತಿದ್ದರು. ನಮಾಜಿಗೆಂದು ಕೈಕಾಲು ತೊಳೆಯಲು ಹೋದವರು ಹಲ್ಲು ಕಟಕಟಿಸುತ್ತ ಈಚೆ ಬರುತ್ತಿದ್ದರು.

"ರುಸ್ತೆಮ್ ಇದ್ದಿದ್ರೆ ಚಿಟಿಕೆ ಹೊಡೆಯೋದ್ರಲ್ಲಿ ಸರಿಮಾಡ್ತಿದ್ದ" ಎಂದ ಹಿಕ್ಮೆತ್.

"ಅವನಿದ್ದಿದ್ರೆ ನಾವ್ಯಾಕೋ ಇಲ್ಲಿ ಬಂದು ನಡುಗ್ತಿದ್ವಿ?" ಎಂದ ಜೆವ್ದೆತ್.

ರುಸ್ತೆಮ್ ರೈಲು ಡಬ್ಬಿಗಳಿಗೆ ಬಣ್ಣ ಬಳಿಯುತ್ತ ನಿವೃತ್ತನಾದವನು. ಆಮೇಲೆ ಅವನಿಗೆ ಉಳಿದ ನೌಕರಿ ಎಂದರೆ ಅಡುಗೆಮನೆಯ ಗೋಡೆಯಲ್ಲಿದ್ದು ಮನೆಗೆಲ್ಲ ಬಿಸಿನೀರು ಹರಿಸುವ ಈ ಬಾಯ್ಲರೇ. ಬೆಳಿಗ್ಗೆ ಎದ್ದು ಅದರ ನೀರಿನ ಒತ್ತಡ ತೋರಿಸುವ ಸೂಜಿ ನೋಡುವುದು, ಇಳಿದಿದ್ದರೆ ನೀರು ತುಂಬುವುದು, ಹೆಂಡತಿಗೆ ಅದರ ಆರೋಗ್ಯ ವರದಿ ಮಾಡುವುದು. ಬೇರೆಯವರಿಗೆ ಮುಟ್ಟಲು ಬಿಡುತ್ತಿರಲಿಲ್ಲ.

ಆ ಹೆಂಡತಿ, ಮೆಲೀಹಾ, ಅಡುಗೆಮನೆಯಲ್ಲಿ ಸತ್ತವನ ಹೆಸರಿನ ಹಲ್ವಕ್ಕೆ ಬೆಣ್ಣೆಯಲ್ಲಿ ಹಿಟ್ಟು ಹುರಿಯುತ್ತಿದ್ದಳು. ಹೆಣ ಎತ್ತುವಾಗಲೂ ಅವಳ ಕಣ್ಣಲ್ಲಿ ಒಂದು ಹನಿ ಬಂದಿರಲಿಲ್ಲ. ಹೆಂಗಸರು ಅದನ್ನು ಗಮನಿಸಿದ್ದರು. ಕಿಟಕಿಯ ಪಕ್ಕದ ಗೋಡೆಯಲ್ಲಿದ್ದ ಅಂಗೈಯಗಲದ ಗಾಳಿಕಿಂಡಿಯ ಕಡೆ ಮಾತ್ರ ಅವಳು ತಿರುಗಿಯೂ ನೋಡುತ್ತಿರಲಿಲ್ಲ.

* * *

"ಮತ್ತೆ ತುರುಕಿದೀಯಾ?" ಎಂದು ರುಸ್ತೆಮ್ ಸಾಯುವ ಹಿಂದಿನ ಸಂಜೆ ಕಿಂಡಿಯಿಂದ ಹಳೆ ಸ್ವೆಟರನ್ನು ಎಳೆದಿದ್ದ.

"ಗಾಳಿ ಸೀದಾ ಬಂದು ನನ್ನ ಮೊಣಕಾಲಿಗೇ ಹೊಡೆಯುತ್ತೆ."

"ಗ್ಯಾಸ್ ಇರೋ ಮನೇಲಿ ತೂತು ಬಿಡ್ಬೇಕು ಕಣೇ. ಕಾನೂನು."

"ಕಾನೂನಿಗೆ ಮೊಣಕಾಲಿದೆಯಾ?"

ಮದುವೆಯಾದ ಮೇಲೆ ಅವರು ಇಷ್ಟು ನಿಷ್ಠೆಯಿಂದ ಆಡಿದ ಜಗಳ ಇನ್ನೊಂದಿಲ್ಲ. ಅವನು ಕೀಳುವುದು, ಇವಳು ತುರುಕುವುದು. ಕೊನೆಗೆ ಅವನೇ ಆ ಸ್ವೆಟರನ್ನು ಅವಳ ಮೊಣಕಾಲಿಗೆ ಹೊದಿಸಿ ಚಹಾದಂಗಡಿಗೆ ಹೋಗಿದ್ದ. ಅವನ ಬೆನ್ನು ತಿರುಗಿದ್ದೇ ಮೆಲೀಹಾ ಅದನ್ನು ಮತ್ತೆ ಕಿಂಡಿಗೆ ತುರುಕಿದಳು.

ಮರುದಿನ ಬೆಳಿಗ್ಗೆ ನೋಡಿದರೆ ರುಸ್ತೆಮ್ ಬಾಯ್ಲರಿನ ಕೆಳಗಿನ ಕುರ್ಚಿಯಲ್ಲಿ ಗೋಡೆಗೆ ತಲೆಯಾನಿಸಿ ಕೂತಿದ್ದ. ಮೈ ತಣ್ಣಗಾಗಿತ್ತು. ಆಂಬ್ಯುಲೆನ್ಸಿಗೆ ಫೋನು ಮಾಡುವ ಮೊದಲು ಮೆಲೀಹಾ ಕಿಂಡಿಯ ಸ್ವೆಟರನ್ನು ಕಿತ್ತು ಒಗೆಯುವ ಬಟ್ಟೆಯ ಅಡಿಗೆ ತುರುಕಿದಳು. ವೈದ್ಯರು ಹೃದಯಾಘಾತ ಎಂದರು. ಅವರಿಗೆ ಕಿಂಡಿಯ ಸಂಗತಿ ಗೊತ್ತಿಲ್ಲವಲ್ಲ. ಮುಚ್ಚಿದ ಮನೆಯಲ್ಲಿ ಹೊಗೆ ಕುಡಿದು ಸತ್ತವರ ಸುದ್ದಿ ಚಳಿಗಾಲವಿಡೀ ಟಿವಿಯಲ್ಲಿ ಬರುತ್ತಿತ್ತು. ನಾನೇ ಕೊಂದೆ ಎಂದುಕೊಂಡಳು. ಕೊಂದವಳು ಯಾವ ಮುಖ ಇಟ್ಟುಕೊಂಡು ಅಳಬೇಕು?

* * *

ಕೊನೆಗೆ ಸೆವಿಲ್ ಕರೆಸಿದ ಬಾಯ್ಲರ್ ಮೇಸ್ತ್ರಿ ತುರ್ಗುತ್ ಬಂದವನೇ ಸೂಜಿ ನೋಡಿದ.

"ಸೊನ್ನೆಗೆ ಇಳಿದಿದೆ. ಎಷ್ಟು ಜನ ರೇಡಿಯೇಟರ್ ಬಿಚ್ಚಿದ್ರಿ?"

ಜೆವ್ದೆತ್ ಸೂರು ನೋಡತೊಡಗಿದ.

"ಗಾಳಿ ತೆಗೀತೀವಿ ಅಂತ ಒಳಗಿನ ನೀರನ್ನೂ ಬಸಿದಿದೀರಿ. ನೀರಿನ ಒತ್ತಡ ಇಲ್ದೆ ಇದು ಹೊತ್ಕೊಳ್ಳಲ್ಲ."

ಅವನು ಅಡಿಯ ನಲ್ಲಿ ತಿರುಗಿಸಿ ನೀರು ತುಂಬಿಸಿ, ಸೂಜಿ ಏರಿದ ಮೇಲೆ ಬಿಗಿಯಾಗಿ ಮುಚ್ಚಿದ. ಒಳಗೆ ಭುಸ್ಸೆಂದು ಉರಿ ಹತ್ತಿತು. "ಮಾಷಾಲ್ಲಾ!" ಎನ್ನುತ್ತ ಗಂಡಸರು ತಾವೇ ರಿಪೇರಿ ಮಾಡಿದವರ ಗತ್ತಿನಲ್ಲಿ ಹಜಾರಕ್ಕೆ ಹೋದರು.

ಮೆಲೀಹಾ ಒಲೆ ಆರಿಸಿ ಬಾಗಿಲು ಹಾಕಿದಳು.

"ತುರ್ಗುತ್, ಆ ಕಿಂಡಿ ಮುಚ್ಚಿದ್ರೆ ಮನುಷ್ಯ ಸಾಯ್ತಾನಾ?"

ತುರ್ಗುತ್ ಕೈ ಒರೆಸುವುದನ್ನು ನಿಲ್ಲಿಸಿ ಅವಳ ಮುಖ ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು.

"ಅಕ್ಕ, ಈ ಬಾಯ್ಲರ್ ಉಸಿರು ಎಳ್ಕೊಳ್ಳೋದೂ ಹೊರಗಿಂದ, ಹೊಗೆ ಬಿಡೋದೂ ಹೊರಗಡೆಗೆ. ಎರಡೂ ಗೋಡೆಯಾಚೆ ಹೋಗಿರೋ ಆ ಕೊಳವೆಯಿಂದ್ಲೇ. ಮನೆಯೊಳಗಿನ ಗಾಳಿ ಇದಕ್ಕೆ ಬೇಡ. ಕಿಂಡಿ ಇರೋದು ಗ್ಯಾಸ್ ಸೋರಿದ್ರೆ ಆಚೆ ಹೋಗ್ಲಿ ಅಂತ."

"ಸಾವಿನ ಮನೆ ಅಂತ ಸಮಾಧಾನ ಹೇಳೋಕೆ ಬರ್ಬೇಡ."

ಅವನು ತನ್ನ ಉಣ್ಣೆಯ ಟೋಪಿ ತೆಗೆದು ಕಿಂಡಿಗೆ ತುರುಕಿದ. ಬಾಯ್ಲರನ್ನು ಪೂರಾ ಏರಿಸಿ, ಚೀಲದಿಂದ ಹೊಗೆ ಅಳೆಯುವ ಯಂತ್ರ ತೆಗೆದುಕೊಂಡು ಅದೇ ಕುರ್ಚಿಯಲ್ಲಿ ಕೂತ.

"ಅಯ್ಯೋ, ಅಲ್ಲಿ ಬೇಡಪ್ಪ!"

"ಇಲ್ಲೇ ಕೂತ್ಕೋಬೇಕು ಅಕ್ಕ."

ಉರಿ ಭೋರ್ಗರೆಯುತ್ತಿತ್ತು. ಮೆಲೀಹಾ ಯಂತ್ರದ ಮೇಲಿನ ಕಣ್ಣು ಕೀಳಲಿಲ್ಲ. ಸೊನ್ನೆ. ಬಹಳ ಹೊತ್ತಾದ ಮೇಲೂ ಸೊನ್ನೆ. ಅವನು ಎದ್ದು ಕೊಳವೆಯ ಬೆಸುಗೆಯ ಸುತ್ತಲೂ ಯಂತ್ರ ಹಿಡಿದ. ಅಲ್ಲಿಯೂ ಸೊನ್ನೆಯೇ.

"ವಿಷ ಒಂಚೂರಿದ್ರೂ ಇದು ಕಿರುಚ್ಕೊಳ್ಳುತ್ತೆ. ರುಸ್ತೆಮಣ್ಣನ್ನ ಕರ್ಕೊಂಡು ಹೋಗಿದ್ದು ಅವನ ಹೃದಯ. ನೀನಲ್ಲ." ಟೋಪಿ ಕಿತ್ತು ತಲೆಗೆ ಹಾಕಿಕೊಂಡ. "ಆದ್ರೂ ಇನ್ಮೇಲೆ ಮುಚ್ಬೇಡ ಮಾರಾಯ್ತಿ." ಚೀಲ ಎತ್ತಿಕೊಂಡು ಹಜಾರಕ್ಕೆ ಹೋದ.

ನೀನಲ್ಲ. ಎದೆಯ ಮೇಲಿನ ಬಂಡೆ ಉರುಳಿದಂತಾಗಿ ಮೆಲೀಹಾ ಪಾತ್ರೆ ತೊಳೆಯುವ ತೊಟ್ಟಿಯ ಅಂಚು ಹಿಡಿದುಕೊಂಡಳು. ಈಗ ಅವಳು ಬರೀ ಗಂಡನನ್ನು ಕಳೆದುಕೊಂಡವಳು. ನಲ್ಲಿ ತಿರುಗಿಸಿ, ಬಿಸಿನೀರಿಗೆ ಎರಡೂ ಕೈಯೊಡ್ಡಿ, "ಹೋಗೇಬಿಟ್ಯಲ್ಲೋ ರುಸ್ತೆಮ್!" ಎಂದು ಗಟ್ಟಿಯಾಗಿ ಅತ್ತಳು.

ಹಜಾರದಲ್ಲಿ ಜೆವ್ದೆತ್ ರೇಡಿಯೇಟರಿನ ಮೇಲಿಂದ ಕೈ ತೆಗೆದ. "ಮತ್ತೆ ಕೆಟ್ಟೋಯ್ತು! ಈಗ ತಾನೇ ಬೆಚ್ಚಗಾಗ್ತಿತ್ತು."

"ಕೆಟ್ಟಿಲ್ಲ" ಎಂದ ತುರ್ಗುತ್. "ನಲ್ಲೀಲಿ ಬಿಸಿನೀರು ಬಿಟ್ರೆ ಉರಿಯೆಲ್ಲ ಮೊದ್ಲು ಅಲ್ಲಿಗೆ. ಅದು ನಿಂತ ಮೇಲೆ ನಿಮಗೆ."

"ಹಾಗಾದ್ರೆ ನಿಲ್ಸೋಕೆ ಹೇಳಮ್ಮ, ಸೆವಿಲ್."

ಸೆವಿಲ್ ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಒಳಗಿನ ಅಳು ಎಲ್ಲರಿಗೂ ಕೇಳಿಸುತ್ತಿತ್ತು. ಜೆವ್ದೆತ್ ಕೋಟಿನ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿಕೊಂಡು ಕೂತ. ಉಳಿದವರೂ ಕೈಗಳನ್ನು ಕಂಕುಳಲ್ಲಿಟ್ಟುಕೊಂಡು ಕೂತರು. ಒಳಗೆ ನೀರು ಬೀಳುತ್ತಲೇ ಇತ್ತು.