ಕೆಳಬದಿಯ ಅಳತೆ

ನಾನು ಒಂದು ಮುದ್ರೆ ಸುತ್ತಿಗೆ. ಮೊಳೆ ಹೊಡೆಯುವ ಕೆಲಸಕ್ಕೆ ನಾನು ಬರುವುದಿಲ್ಲ. ಘಟ್ಟದ ಬುಡದ ಕುಲುಮೆಯೊಂದರಲ್ಲಿ ಶೇಷಾಚಾರಿ ಎಂಬವರು ಹಳೆಯ ಲಾರಿಯ ಉಕ್ಕು ಕಾಯಿಸಿ ನನ್ನನ್ನು ಬಡಿದರು, ಮರದ ಮೇಲೆ ನೆಟ್ಟಗೆ ಮೂಡಲೆಂದು ಮುಖದ ಮೇಲೆ ಏಳು ಎಂಬ ಅಂಕಿಯನ್ನು ತಿರುಗುಮುರುಗಾಗಿ ಕೆತ್ತಿದರು. ನನ್ನ ಮುದ್ರೆ ಬಿದ್ದ ಮರವನ್ನು ಕಡಿಯಬಹುದು, ಬೀಳದ್ದನ್ನು ಮುಟ್ಟುವ ಹಾಗಿಲ್ಲ. ಇಡೀ ಕಾಡನ್ನು ನಾನೇ ಕಾಯುತ್ತಿದ್ದೇನೆ ಎಂಬ ಜಂಭ ನನಗೆ ಆಗ ಬಹಳ ಇತ್ತು.

ನನ್ನನ್ನು ಹಿಡಿದವರು ಗಾರ್ಡ್ ಜಟ್ಟಪ್ಪ ನಾಯ್ಕರು. ಕಪ್ಪೆಹಳ್ಳದ ಗುಡ್ಡದ ಧೂಪದ ಮರಗಳು ಪ್ಲೈವುಡ್ ಕಾರ್ಖಾನೆಗೆ ಹೋಗುತ್ತಿದ್ದವು. ನಿಯಮವೇನೋ ಚೆನ್ನಾಗಿಯೇ ಇತ್ತು. ಎದೆಮಟ್ಟದಲ್ಲಿ ಆರಡಿ ಸುತ್ತಳತೆ ದಾಟಿದ ಮರವನ್ನು ಮಾತ್ರ ಕಡಿಯಬೇಕು. ಉಳಿದವು ಮೂವತ್ತು ವರ್ಷ ಬೆಳೆದು ಬೀಜ ಉದುರಿಸಲಿ, ಆಮೇಲೆ ಅವುಗಳ ಸರದಿ. ಹಾಗೆ ಮಾಡಿದರೆ ಕಾಡೂ ಉಳಿಯುತ್ತದೆ, ಕಾರ್ಖಾನೆಯೂ ನಡೆಯುತ್ತದೆ. ಇಳಿಜಾರಿನಲ್ಲಿ ಅಳೆಯುವವರು ಮರದ ಮೇಲ್ಬದಿಗೇ ನಿಲ್ಲಬೇಕು. ಕೆಳಬದಿಗೆ ನಿಂತರೆ ಎದೆಮಟ್ಟವೂ ಕೆಳಗಿಳಿದು, ಟೇಪು ಬುಡದ ದಪ್ಪಕ್ಕೆ ಸುತ್ತಿಕೊಂಡು ಸಣ್ಣ ಮರವೂ ದೊಡ್ಡದಾಗಿಬಿಡುತ್ತದೆ. ಜಟ್ಟಪ್ಪನವರು ಇದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರು. ಟೇಪಿನ ಇನ್ನೊಂದು ತುದಿ ಹಿಡಿಯುತ್ತಿದ್ದವಳು ಹಳ್ಳದಾಚೆಯ ಗೊಂಡರ ಕೇರಿಯ ಮಾದೇವಿ. ಮಳೆಗಾಲದಲ್ಲಿ ಅವಳು ಅದೇ ಮರಗಳ ಕೆಳಗೆ ಮಾರಲೆಂದು ಧೂಪದ ಬೀಜ ಆರಿಸುತ್ತಿದ್ದಳು.

ಅದು ಮೇ ತಿಂಗಳ ಕೊನೆ. ಮಳೆ ಹಿಡಿದರೆ ಲಾರಿ ರಸ್ತೆ ಮುಚ್ಚುತ್ತದೆ, ಕಾರ್ಖಾನೆಗೆ ಕೊಡಲು ಒಪ್ಪಿದಷ್ಟು ಮರ ಇನ್ನೂ ಸಿಕ್ಕಿರಲಿಲ್ಲ. ರೇಂಜರ್ ಸಾಹೇಬರು ಜಟ್ಟಪ್ಪನವರನ್ನು ಕರೆಸಿದರು.

"ಇನ್ನೂ ಅರವತ್ತು ಮರ ಆಗ್ಬೇಕು ನಾಯ್ಕ. ನಿನ್ನ ಕೆಲಸ ಕಾಯಂ ಮಾಡೋ ಕಾಗದ ನನ್ನ ಮೇಜಿನ ಮೇಲೇ ಇದೆ."

ಮರುದಿನ ಜಟ್ಟಪ್ಪನವರು ಒಂದು ಮರವನ್ನು ಮೇಲ್ಬದಿಯಿಂದ ಅಳೆದರು. ಐದಡಿ ಹತ್ತಿಂಚು. ಟೇಪು ಬಿಚ್ಚಿಕೊಂಡು ಕೆಳಬದಿಗೆ ಇಳಿದರು.

"ಒಡೆಯಾ, ದಿನಾ ಮೇಲ್ಬದಿ ನಿತ್ಕಂಡೇ ಅಳೀತಿದ್ರಿ. ಇವತ್ತು ಎಂತಕ್ಕೆ ಕೆಳಬದಿ?" ಎಂದಳು ಮಾದೇವಿ.

"ಸುಮ್ನೆ ಹಿಡ್ಕ."

ಆರಡಿ ಒಂದಿಂಚು. ಅವರು ನನ್ನನ್ನು ಎತ್ತಿದರು. ನಾನು ಮರದ ಹಿಡಿಯಿಂದ ಕಳಚಿ ಹಳ್ಳಕ್ಕೆ ಬೀಳಬಹುದಿತ್ತು. ಬೀಳಲಿಲ್ಲ. ಮೈಯ ಭಾರವನ್ನೆಲ್ಲ ಹಾಕಿ ಒತ್ತಿದೆ, ಅಂಕಿ ಎಂದಿಗಿಂತ ಚೆನ್ನಾಗಿ ಮೂಡಿತು. ನನಗೆ ಇಂದಿಗೂ ಹೆಚ್ಚು ನಾಚಿಕೆಯಾಗುವುದು ಅದಕ್ಕೇ.

ಸಂಜೆಯೊಳಗೆ ಅರವತ್ತು ಮರಕ್ಕೂ ಮುದ್ರೆ ಬಿತ್ತು. ಜಟ್ಟಪ್ಪನವರ ಕೆಲಸ ಕಾಯಂ ಆಯಿತು. ಅಂದಿನಿಂದ ಅವರು ನನ್ನನ್ನು ಮೊದಲಿನಂತೆ ಹೆಗಲ ಮೇಲೆ ಹೊರಲಿಲ್ಲ, ಗೋಣಿಯಲ್ಲಿ ಸುತ್ತಿ ಒಯ್ಯುತ್ತಿದ್ದರು. ಮರಗಳು ಉರುಳಿದ ಮೇಲೆ ಗುಡ್ಡಕ್ಕೆ ಬಿಸಿಲು ಬಿದ್ದು, ನೆರಳಲ್ಲೇ ಹುಟ್ಟಿದ ಧೂಪದ ಸಸಿಗಳು ಸುಟ್ಟುಹೋದವು. ಮಳೆಗೆ ಮಣ್ಣು ಕೊಚ್ಚಿಕೊಂಡು ಹಳ್ಳ ಕೆಂಪಾಯಿತು. ಮಾದೇವಿಯ ಬುಟ್ಟಿಯ ತಳವೂ ತುಂಬುತ್ತಿರಲಿಲ್ಲ.

ಮೂವತ್ತು ವರ್ಷದ ಮೇಲೆ, ಜಟ್ಟಪ್ಪನವರು ತೀರಿಹೋದ ಎಷ್ಟೋ ದಿನಕ್ಕೆ, ಹೊಸ ರೇಂಜರ್ ಮೇಡಂ ನನ್ನನ್ನು ಪೆಟ್ಟಿಗೆಯಿಂದ ತೆಗೆದರು. ಎರಡನೆಯ ಸರದಿ ಬಂದಿತ್ತು. ಮುದುಕಿಯಾದ ಮಾದೇವಿ ದಾರಿ ತೋರಿಸಿದಳು. ಬೆಳಿಗ್ಗೆಯಿಂದ ಸುತ್ತಿದರೂ ಆರಡಿಯ ಒಂದು ಮರವೂ ಸಿಗಲಿಲ್ಲ. ನೆತ್ತಿಯ ಹತ್ತಿರ ಒಂದೇ ಒಂದು ಧೂಪ, ಐದಡಿ ಹತ್ತಿಂಚು.

"ಕೆಳಗೆ ನಿಂತು ಅಳೆದ್ರೆ ಆಗ್ತದೆ ಮೇಡಂ," ಎಂದ ಜೊತೆಗಿದ್ದ ಗಾರ್ಡು.

ಮಾದೇವಿ ಟೇಪಿನ ತುದಿಯನ್ನು ನೆಲಕ್ಕೆ ಬಿಟ್ಟಳು.

"ಅವತ್ತು ನಾ ಹೀಗೆ ಬಿಟ್ಟಿದ್ರೆ ಇವತ್ತು ನಿಮ್ಗೆ ಕಡಿಯೂಕೆ ಮರ ಇರ್ತಿತ್ತು, ಅಮ್ಮಾ. ಕೂಲಿ ಬೇಕಿತ್ತು, ಹಿಡ್ಕಂಡೆ. ಅರವತ್ತು ಮರಕ್ಕೂ ಹಿಡ್ಕಂಡೆ. ಈ ಸಲ ಹಿಡಿಯೂದಿಲ್ಲ."

ಮೇಡಂ ಆ ಬೋಳು ಇಳಿಜಾರನ್ನೊಮ್ಮೆ ನೋಡಿದರು. ಆ ಮರಕ್ಕೆ ಮುದ್ರೆ ಹಾಕದೆ ನನ್ನನ್ನು ಚೀಲಕ್ಕೆ ಹಾಕಿಕೊಂಡು ಇಳಿದರು. ಕಾರ್ಖಾನೆಯ ಬಾಗಿಲು ಅದೇ ವರ್ಷ ಮುಚ್ಚಿತು.

ಈಗ ನಾನು ಕಚೇರಿಯ ಗಾಜಿನ ಕಪಾಟಿನಲ್ಲಿದ್ದೇನೆ. ಪಕ್ಕದ ಚೀಟಿಯಲ್ಲಿ "ಕಾಡು ಕಾಯ್ದ ಸುತ್ತಿಗೆ" ಎಂದು ಬರೆದಿದ್ದಾರೆ. ಬಂದವರು ಓದಿ ತಲೆದೂಗುತ್ತಾರೆ. ಮಾದೇವಿ ತನ್ನ ತಪ್ಪನ್ನು ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳಿದಳು. ನಾನು ಇಷ್ಟು ವರ್ಷ ಆ ಚೀಟಿಯ ಪಕ್ಕ ಸುಮ್ಮನೆ ಮಲಗಿದ್ದೆ. ದಯವಿಟ್ಟು ಯಾರಾದರೂ ಅದನ್ನು ತೆಗೆದುಹಾಕಿ.