ಹೆಬ್ಬೆರಳಿಗೆ ಕಟ್ಟಿದ ದಾರ

ಜಯಶೀಲನ ಹೆಣದ ಎರಡೂ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ದಾರ ಬಿಗಿಯುತ್ತಿದ್ದ ಸುದರ್ಶನ, ತಂಗಿ ಚಂಪಾಳ ಕಡೆ ನೋಡದೆ ಹೇಳಿದ: “ಹೊತ್ತು ಮಾಡ್ಬೇಡಿ ಮಾರಾಯ್ರೆ. ಬಿಸಿಲು ಏರಿದ್ರೆ ಹೊರ್ಲಿಕ್ಕೆ ಕಷ್ಟ.”

ವಾಶಿಯಲ್ಲಿ, ಸಮುದ್ರ ಒಳನುಗ್ಗಿದ ಖಾಡಿಯ ಪಕ್ಕದ ಚಾಳು. ಅಂಗಳದಲ್ಲಿ ನೆರೆಹೊರೆಯವರಷ್ಟೇ ಇದ್ದರು.

“ಬಲೆ ಕಳವಾಗಿ ಹೋದ ಮೇಲೆ ಅವ್ರು ಊಟ ಬಿಟ್ಟಿದ್ರು,” ಎಂದಳು ಪಕ್ಕದ ಮನೆಯ ದಮಯಂತಿ. “ಕಾಯುವವನೇ ಮಾರಿದ ಅಂತ ಜನ ಹೇಳಿದ್ರೆ ಯಾರಿಗೆ ಅನ್ನ ಇಳೀತದೆ?”

“ಜನ ಅಲ್ಲ, ನಾನೇ ಹೇಳಿದ್ದು. ಸತ್ತವನ ಸುದ್ದಿ ಈಗ ಬೇಡ, ಬಿಡಿ,” ಎಂದ ಸುದರ್ಶನ. ದೊಡ್ಡ ಮನಸ್ಸು ಅವನದು!

ಚಂಪಾ ಗಂಡನ ಹೆಬ್ಬೆರಳನ್ನೇ ನೋಡುತ್ತಿದ್ದಳು.

*

ದೋಣಿ ಜಯಶೀಲ ಮತ್ತು ಸುದರ್ಶನರ ಪಾಲಿನದು. ಖಾಡಿಯಲ್ಲಿ ಕಟ್ಟಿದ ದೋಣಿಗಳಿಂದ ಬಲೆ, ಹಗ್ಗ, ಡೀಸೆಲ್ ಮಾಯವಾಗತೊಡಗಿದಾಗ ಜಯಶೀಲ ದೋಣಿಯಲ್ಲೇ ಮಲಗತೊಡಗಿದ. ಬಲೆಯ ರಾಶಿಗೆ ಕಟ್ಟಿದ ದಾರದ ಇನ್ನೊಂದು ತುದಿ ಅವನ ಕಾಲಿನ ಹೆಬ್ಬೆರಳಿಗೆ. ಯಾರಾದರೂ ಬಲೆ ಎಳೆದರೆ ಎಚ್ಚರವಾಗಬೇಕು. ಅಷ್ಟು ಸಾಲದೆಂದು ಚಂಪಾಳ ಹಳೆಯ ಮದುವೆ ಸೀರೆ ಹರಿದು, ದೋಣಿಯ ಹಗ್ಗಗಳ ಹುರಿ ಬಿಡಿಸಿ, ಒಳಗೆ ಸೀರೆಯ ಕೆಂಪು ಎಳೆ ಸೇರಿಸಿ ಮತ್ತೆ ಹೊಸೆದಿದ್ದ.

“ಮೇಲಿಂದ ಕಾಣುದಿಲ್ಲ, ಕಡಿದ್ರೆ ಮಾತ್ರ ಕಾಣ್ತದೆ. ನಿನ್ನ ಬಿಟ್ರೆ ಯಾರಿಗೂ ಗೊತ್ತಿಲ್ಲ,” ಎಂದು ನಕ್ಕಿದ್ದ.

ಆದರೂ ಒಂದು ಬೆಳಿಗ್ಗೆ ಬಲೆಯೂ ಇರಲಿಲ್ಲ, ಹಗ್ಗಗಳೂ ಇರಲಿಲ್ಲ. ಹೆಬ್ಬೆರಳಿನ ದಾರವನ್ನು ಯಾರೋ ಬ್ಲೇಡಿನಲ್ಲಿ ಕೊಯ್ದಿದ್ದರು.

“ದಾರ ಉಂಟಂತ ಕಳ್ಳನಿಗೆ ಹೇಗೆ ಗೊತ್ತು? ಇವನೇ ಕೊಯ್ದು ನಾಟಕ ಮಾಡಿದ್ದು,” ಎಂದ ಸುದರ್ಶನ. ದೋಣಿಯನ್ನು ತನ್ನ ವಶಕ್ಕೆ ತೆಗೆದುಕೊಂಡ.

ಆ ಸಂಜೆ ಬಡಿಸುತ್ತ ಚಂಪಾ ಕೇಳಿಬಿಟ್ಟಳು: “ನಿಜ ಹೇಳಿ. ನೀವೇ ಮಾರಿದ್ದಾ?”

ಚಾಳಿನವರ ಮಾತನ್ನೆಲ್ಲ ತಡೆದುಕೊಂಡಿದ್ದವನು ಈ ಒಂದು ಮಾತಿಗೆ ಕುಸಿದ. ತಟ್ಟೆ ಸರಿಸಿ ಎದ್ದ. ಆಮೇಲೆ ಅವನು ಹೊಟ್ಟೆತುಂಬ ಉಣ್ಣಲೇ ಇಲ್ಲ.

*

ಚಟ್ಟಕ್ಕೆ ಹಗ್ಗ ಸಾಲದೆ ಸುದರ್ಶನ ತನ್ನ ಟೆಂಪೋದಿಂದ ನೀಲಿ ಹಗ್ಗದ ಸುರುಳಿ ತಂದ. ಬಿಗಿದು ಗಂಟು ಹಾಕಿ, ಉಳಿದದ್ದನ್ನು ಕತ್ತಿಯಿಂದ ಕಡಿದ. ಕಡಿದ ತುದಿ ಬಿಚ್ಚಿಕೊಂಡಿತು. ನೀಲಿಯ ನಡುವೆ ಒಂದು ಕೆಂಪು ಎಳೆ.

ಚಂಪಾ ಮುಂದೆ ಬಂದಳು.

“ಎತ್ತಿ,” ಎಂದ ಸುದರ್ಶನ.

“ನಿಲ್ಲಿ.” ಅವಳು ತುದಿಯನ್ನು ಹಿಡಿದಳು. “ಇದು ಎಲ್ಲಿಯದ್ದು ಅಣ್ಣ?”

“ಅಂಗಡಿಯದ್ದು. ಎಂತಕ್ಕೆ ಈಗ?”

“ಅಂಗಡಿಯವ ನನ್ನ ಮದುವೆ ಸೀರೆ ಹಾಕಿ ಹೊಸೆದನಾ?”

ಸುದರ್ಶನ ಕೆಂಪು ಎಳೆಯನ್ನು ನೋಡಿದ. ಕತ್ತಿ ಕೆಳಗಿಟ್ಟ.

ಚಂಪಾ ಗಂಡನ ಕಾಲಬುಡದಲ್ಲಿ ಕುಸಿದಳು. “ನಾನೂ ಕೇಳಿದೆನಲ್ಲ! ನಾನೂ ಹಾಗೇ ಕೇಳಿದೆನಲ್ಲ!” ಎಂದು ಗೋಳಾಡಿದಳು. ಸ್ವಲ್ಪ ಹೊತ್ತಿಗೆ ಅವಳೇ ಕಣ್ಣೊರೆಸಿಕೊಂಡು ಚಟ್ಟದ ಗಂಟುಗಳನ್ನು ಬಿಚ್ಚತೊಡಗಿದಳು.

“ಅಮ್ಮಾ, ಅಬ್ ಕಿಸ್ಸೆ ಬಾಂಧೇಂಗೆ?” ಎಂದು ಮಗಳು ಪ್ರಣೀತಾ ಹಿಂದಿಯಲ್ಲಿ, ಇನ್ನು ಯಾವುದರಿಂದ ಕಟ್ಟುವುದೆಂದು ಕೇಳಿದಳು.

“ಬಟ್ಟೆ ಒಣಗಿಸುವ ಹಗ್ಗ ತಾ.”

ಪ್ರಣೀತಾ ಒಣಗಲು ಹಾಕಿದ್ದ ಅಪ್ಪನ ಬನಿಯನನ್ನು ತೆಗೆದು ಹೆಗಲಿಗೆ ಹಾಕಿಕೊಂಡು ಹಗ್ಗ ಬಿಚ್ಚಿ ತಂದಳು. ಹೆಗಲು ಕೊಡಲು ಬಂದ ಸುದರ್ಶನನನ್ನು ದಮಯಂತಿಯ ಗಂಡ ಬದಿಗೆ ಸರಿಸಿದ. ಚಟ್ಟ ಅವನನ್ನು ಬಿಟ್ಟು ಹೊರಟಿತು.

ಅಂಗಳ ಖಾಲಿಯಾದ ಮೇಲೆ ಸುದರ್ಶನ ನೀಲಿ ಹಗ್ಗವನ್ನು ಎತ್ತಿಕೊಳ್ಳಲು ಬಗ್ಗಿದ. ಚಂಪಾ ಅದನ್ನು ತನ್ನ ಕಡೆಗೆ ಎಳೆದುಕೊಂಡಳು. ಹೊಸ್ತಿಲಲ್ಲಿ ಕುಳಿತು, ಅದರ ತುದಿಯನ್ನು ತನ್ನ ಕಾಲಿನ ಹೆಬ್ಬೆರಳಿಗೆ ಬಿಗಿಯಾಗಿ ಕಟ್ಟಿಕೊಂಡಳು.