ಹನ್ನೆರಡನೆಯ ಪಾಪ

ಚಿತ್ರಕಥೆಯ ಕೊನೆಯ ಹಾಳೆ ಮಗುಚುವ ಹೊತ್ತಿಗೆ ಡಬ್ಬಿಂಗ್ ಕಲಾವಿದೆ ಪೆನ್ಸಿಲ್ಲಿನಿಂದ ಹನ್ನೊಂದು ಗೀಟು ಎಳೆದಿದ್ದಳು. ಒಂದೊಂದು ಗೀಟೂ ಒಂದೊಂದು ‘ಪಾಪ’ದ ಲೆಕ್ಕ.

ಹದಿನೈದು ವರ್ಷದಿಂದ ಗಾಲಿಕುರ್ಚಿಯಲ್ಲಿ ಕೂತೇ ನಾಯಕಿಯರಿಗೆ ದನಿ ಕೊಟ್ಟವಳು ಅವಳು. ಅವರು ಓಡಿದರೆ ಏದುಸಿರು ಇವಳದು, ಅವರು ಅತ್ತರೆ ಬಿಕ್ಕಳಿಕೆ ಇವಳದು. ಮುಖ ಮಾತ್ರ ಒಂದು ಸಲವೂ ಪರದೆಯ ಮೇಲೆ ಬಂದಿರಲಿಲ್ಲ. ಈಗ ನಿರ್ದೇಶಕ ಕಳ್ಳರ ಹಾಸ್ಯಚಿತ್ರವೊಂದನ್ನು ಬರೆದು, “ಅಕ್ಕಾ, ಎಲ್ಲಾ ಥರದ ಜನಕ್ಕೂ ಸರಿಯಾದ ಜಾಗ ಸಿಕ್ಕಿದೆಯಾ ಅಂತ ಓದಿ ಹೇಳಿ,” ಎಂದು ಕರೆಸಿದ್ದ. ಅಭಿಪ್ರಾಯ ಹೇಳಿ ಚಹಾ ಕುಡಿದು ಹೋಗಲು ಅವಳೇನೂ ಬಂದಿರಲಿಲ್ಲ. ಕಳ್ಳರ ಯಜಮಾನನ ಪಾತ್ರಕ್ಕೆ ಇನ್ನೂ ಯಾರನ್ನೂ ಗೊತ್ತುಮಾಡಿಲ್ಲ ಎಂದು ಕಿವಿಗೆ ಬಿದ್ದಾಗಿನಿಂದ ಅವಳ ಕಣ್ಣು ಅದರ ಮೇಲೇ ಇತ್ತು.

“ಲೆಕ್ಕಕ್ಕೆ ಎಲ್ಲರೂ ಇದ್ದಾರೆ,” ಎಂದಳು. “ಅಜ್ಜಿ ಇದ್ದಾಳೆ, ಕಿವಿ ಕೇಳದವನಿದ್ದಾನೆ, ಗಾಲಿಕುರ್ಚಿಯವಳೂ ಇದ್ದಾಳೆ. ಆದ್ರೆ ಕದಿಯೋರೆಲ್ಲ ಗಟ್ಟಿಮುಟ್ಟಾದ ಗಂಡಸರು. ಉಳಿದೋರಿಗೆ ಒಳ್ಳೆಯವರಾಗಿರೋದು ಬಿಟ್ರೆ ಬೇರೆ ಕೆಲಸವೇ ಇಲ್ಲ.”

“ಒಳ್ಳೇದೇ ಆಯ್ತಲ್ಲ,” ಎಂದರು ನಿರ್ಮಾಪಕರು. ಅವರು ನಿರ್ದೇಶಕನ ಸೋದರಮಾವ, ಹಾಗಾಗಿ ಕೊನೆಯ ಮಾತು ಯಾವಾಗಲೂ ಅವರದ್ದೇ.

“ಆ ಕುರ್ಚಿಯವಳನ್ನ ನೋಡಿ ಹನ್ನೊಂದು ಸಲ ‘ಪಾಪ’ ಅಂತಾರೆ ಸಾರ್. ಪಾಪ ಅನ್ನಿಸ್ಕೊಂಡು ಸಾಕಾಗಿದೆ, ಒಂದಾದ್ರೂ ಪಾಪ ಮಾಡೋಕೆ ಬಿಡಿ. ಯಜಮಾನನ ಪಾತ್ರ ನನಗೆ ಕೊಡಿ.”

ನಿರ್ದೇಶಕನ ಕಣ್ಣರಳಿತು. ಮಾವ ಅಡ್ಡಡ್ಡ ತಲೆಯಾಡಿಸಿದರು. “ಕುರ್ಚಿಯಲ್ಲಿ ಕೂತೋರು ಕದ್ದರೆ ಯಾರಮ್ಮ ನಂಬ್ತಾರೆ?”

ಅಲ್ಲಿಗೆ ಮಾತು ಮುಗಿಯಿತು ಎಂಬಂತೆ ಚಹಾ ಬಂತು. ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು ಮಾತಾಡುವ ಚಾಳಿ ಮಾವನದು. ಲೋಟ ಕೆಳಗಿಟ್ಟು ನೋಡುತ್ತಾರೆ, ಗಡಿಯಾರ ಮಂಗಮಾಯ. ಕೋಣೆ ಅಲ್ಲೋಲಕಲ್ಲೋಲವಾಯಿತು. ನಿರ್ದೇಶಕ ತನ್ನ ಚೀಲ ಸುರಿದ, ಮೂಲೆಯಲ್ಲಿ ಕೂತಿದ್ದ ಕ್ಯಾಮೆರಾದವನು ಜೇಬು ಹೊರಗೆಳೆದು ತೋರಿಸಿದ, ಮಾವ ಮೊಣಕಾಲೂರಿ ಮೇಜಿನ ಕೆಳಗೆ ತಡಕಿದರು. ಕಲಾವಿದೆ ಕುರ್ಚಿ ಸರಿಸಲು ಹೋದಳು.

“ನೀವಿರಿ,” ಎಂದರು ಮಾವ ಕೆಳಗಿನಿಂದಲೇ. “ಪಾಪ, ಅವರಿಗ್ಯಾಕೆ ತೊಂದರೆ ಕೊಡ್ತೀರೋ.”

ಅವಳು ನಿಧಾನವಾಗಿ ಇನ್ನೊಂದು ಗೀಟು ಎಳೆದಳು. “ಹನ್ನೆರಡು,” ಎಂದು, ತಾನು ಕೂತಿದ್ದ ದಿಂಬಿನಡಿಯಿಂದ ಗಡಿಯಾರ ತೆಗೆದು ಮೇಜಿನ ಮೇಲಿಟ್ಟಳು.

ಮಾವ ಮೊಣಕಾಲ ಮೇಲೆಯೇ ಬಾಯಿ ಬಿಟ್ಟುಕೊಂಡು ಕೂತರು. ಆಮೇಲೆ ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. “ಬರ್ಕೊಳ್ಳೋ,” ಎಂದರು ಅಳಿಯನಿಗೆ. “ಒಡವೆ ಎಲ್ಲಾ ದಿಂಬಿನ ಕೆಳಗೆ. ಪೊಲೀಸರು ಊರನ್ನೇ ಜಾಲಾಡ್ತಾರೆ, ಇವಳಿಗೆ ಮಾತ್ರ ದಾರಿ ಬಿಡ್ತಾರೆ.”

“ಪಾಪ ಅಂತ,” ಎಂದ ನಿರ್ದೇಶಕ, ಆಗಲೇ ಗೀಚುತ್ತಾ.

“ಕಾರು ಅಜ್ಜಿ ಓಡಿಸಲಿ,” ಎಂದಳು ಅವಳು. “ತಿಜೋರಿ ಕಿವಿ ಕೇಳದವನು ತೆರೀಲಿ, ಬೆರಳಲ್ಲೇ ಅದರ ನಾಡಿ ಹಿಡೀತಾನೆ.” ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಬಾಯಿ ಹಾಕುತ್ತಿದ್ದರು. ಪಾತ್ರ ತನ್ನದೇ ಆಯಿತೆಂದು ಗೊತ್ತಾದಾಗ ಅವಳು ಪೆನ್ಸಿಲ್ ಕೆಳಗಿಟ್ಟಳು.

ಹೊರಟವಳಿಗೆ ಮಾವ ಬಾಗಿಲಲ್ಲಿ ಅಡ್ಡ ನಿಂತರು. ಮುಖದಲ್ಲಿ ನಗುವಿರಲಿಲ್ಲ. “ತಾಳಮ್ಮ. ಮೊದಲು ಆ ದಿಂಬು ಎತ್ತಿ ತೋರಿಸು.”

ಈ ಕುರ್ಚಿಯಲ್ಲಿ ಕೂತಾಗಿನಿಂದ ಅವಳ ಮೇಲೆ ಯಾರೂ ಅನುಮಾನ ಪಟ್ಟಿರಲಿಲ್ಲ. ಸಂತೋಷಕ್ಕೆ ಅವಳ ಕಣ್ಣು ತುಂಬಿ ಬಂತು. ದಿಂಬಿನಡಿಯಿಂದ ಅವರ ಕಾರಿನ ಕೀಲಿ ತೆಗೆದು ಅವರ ಕೈಗಿಟ್ಟಳು.